ಹಡಗು 4 ಗಂಟೆಗೆ, ಪೋರ್ಟಿಗೆ ಎಷ್ಟೊತ್ತಿಗೆ? ಒಂದು ಕುಟುಂಬದ ಪ್ರಕರಣ

ಹಡಗು ಹೊರಡೋದು ಭಾನುವಾರ ಸಂಜೆ 4ಕ್ಕೆ, ಫ್ಲೋರಿಡಾದ ಪೋರ್ಟ್ ಕೆನವೆರಲ್‌ನಿಂದ. ಹೋಗೋರು ನಾಲ್ಕು ಜನ: ನನ್ನ ಚಿಕ್ಕಮ್ಮನ ಮಗ, ಅವನ ಹೆಂಡ್ತಿ, ಐದು ವರ್ಷದ ಮಗಳು, ಜೊತೆಗೆ ಚಿಕ್ಕಮ್ಮ. ಚಿಕ್ಕಮ್ಮಂಗೆ ಎಪ್ಪತ್ತು ದಾಟಿದೆ, ಮನೆ ಒಳಗೆ ಆರಾಮಾಗಿ ಓಡಾಡ್ಕೊಂಡಿರ್ತಾರೆ ಆದ್ರೆ ಮೊಣಕಾಲು ನೋವು, ಐದು ನಿಮಿಷ ಒಂದೇ ಕಡೆ ನಿಲ್ಲೋಕಾಗಲ್ಲ, ಏರ್‌ಪೋರ್ಟು ಅಂದ್ರೆ ವೀಲ್‌ಚೇರ್ ಬೇಕೇ ಬೇಕು. ಊರಿಂದ ಫ್ಲೈಟಲ್ಲಿ ಒರ್ಲಾಂಡೋಗೆ ಬರ್ಬೇಕು, ಅಲ್ಲಿಂದ ರಸ್ತೆ ಮೇಲೆ ಸುಮಾರು 72 ಕಿಲೋಮೀಟರ್. ತಿಂಗಳು ಜನವರಿ, ಅವ್ರು ಹೊರಡೋ ಕಡೆ ಹಿಮ ಬೀಳೋ ಕಾಲ.

ನಾನು ಒಂದಷ್ಟು ಕ್ರೂಸ್ ಮಾಡಿರೋದ್ರಿಂದ ನಮ್ಮ ಪೈಕಿ ಯಾರು ಹಡಗು ಬುಕ್ ಮಾಡಿದ್ರೂ ಫೋನ್ ನನಗೇ ಬರುತ್ತೆ. ಇವ್ನದ್ದೂ ಬಂತು. "ಅಕ್ಕ, ಪೋರ್ಟಿಗೆ ಎಷ್ಟೊತ್ತಿಗೆ ಹೋಗ್ಬೇಕು?" ಕೇಳೋಕೆ ಒಂದೇ ಪ್ರಶ್ನೆ, ಬಿಡಿಸಿ ನೋಡಿದ್ರೆ ಎರಡು. ಎಷ್ಟು ಲೇಟಾದ್ರೂ ನಡೆಯುತ್ತೆ ಅನ್ನೋದೊಂದು, ಎಷ್ಟೊತ್ತಿಗೆ ಹೋದ್ರೆ ಮೈಗೆ ಸುಖ ಅನ್ನೋದು ಇನ್ನೊಂದು. ಮೊದಲನೇದ್ದು ರಿಸ್ಕಿನ ಲೆಕ್ಕ, ಅದಕ್ಕೆ ಉತ್ತರ ಹುಡುಕ್ಬೇಕಾಗಿರೋದು ಫ್ಲೈಟು ಹೋಟೆಲಿನ ಹಂತದಲ್ಲಿ. ಎರಡನೇದ್ದು ಸ್ಲಾಟಿನ ಹಂತದಲ್ಲಿ, ಅಂದ್ರೆ ಟರ್ಮಿನಲ್‌ಗೆ ಬರೋಕೆ ಮುಂಚೆನೇ ಆರಿಸ್ಕೊಳ್ಳೋ ಟೈಮು. ಜನ ಏನ್ಮಾಡ್ತಾರೆ ಅಂದ್ರೆ ಭಯ ಪೂರ್ತಿ ಸ್ಲಾಟಿನ ಮೇಲೆ ಹಾಕಿ ಬೆಳಿಗ್ಗೆ ಹತ್ತಕ್ಕೇ ಹೋಗಿ ಕ್ಯೂ ನಿಲ್ತಾರೆ, ಫ್ಲೈಟ್ ಮಾತ್ರ ಅದೇ ದಿನದ್ದು ಬುಕ್ ಮಾಡಿರ್ತಾರೆ. ಇವ್ನೂ ಅದೇ ದಾರೀಲಿದ್ದ.

ಮೊದಲು ಹಡಗಿನ ಕಡೆ ಲೆಕ್ಕ. 4 ಗಂಟೆ ಅನ್ನೋದು ಹಗ್ಗ ಬಿಚ್ಚೋ ಟೈಮು, ನಮಗೆ ಅದ್ರಿಂದ ಏನೂ ಉಪಯೋಗ ಇಲ್ಲ. ನೋಡ್ಬೇಕಾಗಿರೋದು ಚೆಕ್-ಇನ್ ಮುಚ್ಚೋ ಟೈಮು. ಇದು ಕಂಪನಿಯಿಂದ ಕಂಪನಿಗೆ ಬೇರೆ, ಸಾಮಾನ್ಯವಾಗಿ ಹೊರಡೋಕೆ ಒಂದು ಗಂಟೆ ಅಥವಾ ಒಂದೂವರೆ ಗಂಟೆ ಮುಂಚೆ, ಇವರ ಟಿಕೆಟಲ್ಲಿ 3 ಗಂಟೆ ಅಂತ ಇತ್ತು. ಇದು ಸುಮ್ನೆ ಜನಾನ ಹೆದರಿಸೋಕೆ ಹಾಕಿದ ಟೈಮಲ್ಲ. ಅಮೆರಿಕದ ಪೋರ್ಟ್ ಬಿಡೋ ಹಡಗು ಯಾರ್ಯಾರು ಒಳಗಿದ್ದಾರೆ ಅನ್ನೋ ಪಟ್ಟಿನ ಹೊರಡೋಕೆ ಕನಿಷ್ಠ 60 ನಿಮಿಷ ಮುಂಚೆ ಅಲ್ಲಿನ ಕಸ್ಟಮ್ಸ್‌ಗೆ ಕಳಿಸಿರ್ಬೇಕು, ಪಟ್ಟಿ ಹೋದ್ಮೇಲೆ ಕೌಂಟರಲ್ಲಿ ಕೂತಿರೋರ ಹತ್ರ ಅತ್ತು ಕರೆದ್ರೂ ಅವ್ರ ಕೈಲಿ ಏನೂ ಇರಲ್ಲ. ಮೇಲಿಂದ ಮಸ್ಟರ್ ಡ್ರಿಲ್ ಬೇರೆ, ಅಂದ್ರೆ ಅಪಾಯ ಬಂದ್ರೆ ಎಲ್ಲಿ ಸೇರ್ಬೇಕು, ಲೈಫ್ ಜಾಕೆಟ್ ಹೆಂಗೆ ಹಾಕ್ಕೋಬೇಕು ಅನ್ನೋದು. ಮೊದಲೆಲ್ಲ ಅದನ್ನ ಹೊರಟು 24 ಗಂಟೆ ಒಳಗೆ ಮಾಡಿದ್ರೆ ಸಾಕಿತ್ತು. 2012ರ ಜನವರಿ 13ಕ್ಕೆ ಕೋಸ್ಟಾ ಕಾಂಕಾರ್ಡಿಯಾ ಇಟಲಿಯ ಚಿವಿತಾವೆಕಿಯಾದಿಂದ ಹೊರಟ ರಾತ್ರಿನೇ ಬಂಡೆಗೆ ಬಡಿದು 32 ಜನ ಸತ್ರು, ಅವತ್ತು ಅಲ್ಲೇ ಹತ್ತಿದೋರಿಗೆ ಡ್ರಿಲ್ ಇನ್ನೂ ಆಗಿರ್ಲಿಲ್ಲ. ಆಮೇಲೆ ಅಂತಾರಾಷ್ಟ್ರೀಯ ನಿಯಮಾನೇ ಬದಲಾಯ್ತು, 2015ರ ಜನವರಿ 1ರಿಂದ ಹೊರಡೋಕೆ ಮುಂಚೆ ಇಲ್ಲಾ ಹೊರಟ ತಕ್ಷಣ ಆಗ್ಲೇಬೇಕು. ಹಂಗಾಗಿ ಕೊನೆ ಗಳಿಗೆಯಲ್ಲಿ ಓಡಿ ಬಂದು ಹತ್ತೋ ಸಿನಿಮಾ ಸೀನು ಇಲ್ಲಿ ನಡೆಯಲ್ಲ.

ಸರಿ, 3 ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕೋಣ ಅಂತ ಕೂತ್ವಿ. ಅವನು ನೋಡಿಟ್ಟಿದ್ದು ಭಾನುವಾರ ಬೆಳಿಗ್ಗೆ 10:40ಕ್ಕೆ ಒರ್ಲಾಂಡೋದಲ್ಲಿ ಇಳಿಯೋ ಡೈರೆಕ್ಟ್ ಫ್ಲೈಟು. ವೀಲ್‌ಚೇರ್ ಕೇಳಿದೋರನ್ನ ವಿಮಾನದಿಂದ ಕೊನೇಲಿ ಇಳಿಸ್ತಾರೆ, ಅಲ್ಲಿಗೆ 11:10. ಗೇಟಿಂದ ಮೇನ್ ಟರ್ಮಿನಲ್‌ಗೆ ಟ್ರಾಮ್, ಆಮೇಲೆ ಬ್ಯಾಗು, 11:50. ಕಾರು ಸಿಕ್ಕಿ ಮಗು ಸೀಟು ಕಟ್ಟಿ ಹೊರಡೋ ಹೊತ್ತಿಗೆ 12:15. ರಸ್ತೆ ಒಂದು ಗಂಟೆ ಅಂದ್ರೂ 1:15ಕ್ಕೆ ಪೋರ್ಟ್. "ನೋಡಕ್ಕ, ಮುಕ್ಕಾಲು ಗಂಟೆ ಕಮ್ಮಿ ಎರಡೂವರೆ ಗಂಟೆ ಕೈಲಿದೆ" ಅಂತ ಅವನು. ಮುಕ್ಕಾಲು ಗಂಟೆ ಕಮ್ಮಿ ಎರಡೂವರೆ ಅಂದ್ರೆ ಒಂದೂ ಮುಕ್ಕಾಲು ಕಣೋ, ಸಾಫ್ಟ್‌ವೇರ್ ಕೆಲಸ ಮಾಡ್ತೀಯ!

ಪೇಪರ್ ಮೇಲೆ ಅದೂ ಸಾಲುತ್ತೆ. ಆದ್ರೆ ನಾನು ಕೇಳಿದ್ದು ಬೇರೆ: ಈ ಫ್ಲೈಟ್ ಕ್ಯಾನ್ಸಲ್ ಆದ್ರೆ ಮುಂದಿನದ್ದು ಯಾವುದು, ಅದು ಎಷ್ಟೊತ್ತಿಗೆ ಇಳಿಯುತ್ತೆ, ಅದರಲ್ಲಿ ನಾಲ್ಕು ಸೀಟು ಖಾಲಿ ಇರುತ್ತಾ? ಒಬ್ರೇ ಹೋಗೋರಿಗೆ ಎಲ್ಲಾದ್ರೂ ಒಂದು ಸೀಟು ಸಿಗುತ್ತೆ, ನಾಲ್ಕು ಜನಕ್ಕೆ, ಅದರಲ್ಲಿ ಒಬ್ರು ವೀಲ್‌ಚೇರು ಒಬ್ಳು ಮಗು, ಬಿಡಿ ಬಿಡಿಯಾಗಿ ಕಳ್ಸೋಕೂ ಆಗಲ್ಲ. ಆ ಏರ್‌ಲೈನಿನ ಮುಂದಿನ ಡೈರೆಕ್ಟು ಮಧ್ಯಾಹ್ನ ಮೂರೂವರೆಗೆ ಇಳಿಯೋದು. ಅಷ್ಟೊತ್ತಿಗೆ ಚೆಕ್-ಇನ್ ಮುಚ್ಚಿ ಅರ್ಧ ಗಂಟೆ. ಅಂದ್ರೆ ಅವನ ಕೈಲಿರೋ ಒಂದೂ ಮುಕ್ಕಾಲು ಗಂಟೆಗೆ ಬೆಲೆನೇ ಇಲ್ಲ, ವಿಮಾನದ ರೆಕ್ಕೆ ಮೇಲಿನ ಐಸ್ ತೆಗೆಯೋ ಕ್ಯೂನಲ್ಲಿ ನಿಂತು ಒಂದು ಗಂಟೆ ಹೋದ್ರೆ ಉಸಿರು ಬಿಗಿ ಹಿಡಿದು ಓಡ್ಬೇಕು, ಕ್ಯಾನ್ಸಲ್ ಆದ್ರೆ ಮುಗೀತು.

"ಮಿಸ್ ಆದ್ರೆ ಮುಂದಿನ ಪೋರ್ಟಿಗೆ ಹೋಗಿ ಹತ್ತೋಣ, ಇನ್ಶೂರೆನ್ಸ್ ಇದೆ" ಅಂದ. ಮಾತು ಕೇಳೋಕೆ ಚೆನ್ನಾಗಿದೆ. ಆದ್ರೆ ಇವರ ಹಡಗಿನ ಮೊದಲ ಸ್ಟಾಪ್ ಬಹಾಮಾಸ್‌ನಲ್ಲಿ ಕಂಪನಿಯ ಸ್ವಂತ ದ್ವೀಪ, ಅಲ್ಲಿಗೆ ಟಿಕೆಟ್ ತಗೊಂಡು ಹೋಗೋಕೆ ವಿಮಾನ ಇಲ್ಲ. ಎರಡನೇ ಸ್ಟಾಪಲ್ಲಿ ಹಿಡಿಯೋದು ಅಂದ್ರೆ ಆಗ್ಲೇ ಅರ್ಧ ಟ್ರಿಪ್ ಹೋಗಿರುತ್ತೆ. ಅದಕ್ಕಿಂತ ದೊಡ್ಡ ಸಮಸ್ಯೆ ಮಗಳ ಪೇಪರ್. ಅವಳ ಪಾಸ್‌ಪೋರ್ಟ್ ರಿನೀವಲ್‌ಗೆ ಹೋಗಿತ್ತು, ಬರ್ತ್ ಸರ್ಟಿಫಿಕೇಟ್ ಮೇಲೆ ಕರ್ಕೊಂಡು ಹೋಗ್ತಿದ್ರು. ಅಮೆರಿಕದ ಒಂದು ಪೋರ್ಟಲ್ಲಿ ಹತ್ತಿ ವಾಪಸ್ ಅದೇ ಪೋರ್ಟಲ್ಲಿ ಇಳಿಯೋ ಕ್ರೂಸಿಗೆ ಅಲ್ಲಿನ ಪ್ರಜೆ ಆಗಿರೋ ಮಕ್ಕಳಿಗೆ ಅದು ನಡೆಯುತ್ತೆ. ವಿಮಾನದಲ್ಲಿ ಬೇರೆ ದೇಶಕ್ಕೆ ಹೋಗೋಕೆ ನಡೆಯಲ್ಲ. ಅಲ್ಲಿಗೆ ಈ ಕುಟುಂಬಕ್ಕೆ ಹಡಗು ತಪ್ಪೋದು ಅಂದ್ರೆ ರಜೆಯೇ ತಪ್ಪಿದ ಹಾಗೆ. ಇನ್ಶೂರೆನ್ಸ್ ಬಂದ್ರೆ ದುಡ್ಡು ಬರ್ಬಹುದು, ಅದೂ ಇಷ್ಟು ಗಂಟೆಗಿಂತ ಜಾಸ್ತಿ ಲೇಟಾಗಿದ್ರೆ ಮಾತ್ರ ಅಂತ ಪಾಲಿಸಿಯಲ್ಲಿ ಷರತ್ತು ಇರುತ್ತೆ, ಅದನ್ನ ಓದಿರೋರು ಕಮ್ಮಿ.

ಇದು ಕೇಳಿದ್ಮೇಲೆ ಅವನು ಮರುಮಾತಾಡದೆ ಫ್ಲೈಟ್ ಶನಿವಾರಕ್ಕೆ ಹಾಕ್ದ.

ಹೋಟೆಲು ಎಲ್ಲಿ ಅನ್ನೋದ್ರ ಮೇಲೆ ಸ್ವಲ್ಪ ಚರ್ಚೆ ಆಯ್ತು. ಶನಿವಾರ ರಾತ್ರಿ ಒಂಬತ್ತೂವರೆಗೆ ಇಳಿಯೋದು. ಪೋರ್ಟ್ ಪಕ್ಕದಲ್ಲಿ ಉಳ್ಕೊಂಡ್ರೆ ಬೆಳಿಗ್ಗೆ ರಸ್ತೆ ರಿಸ್ಕ್ ಇಲ್ಲ, ಆದ್ರೆ ರಾತ್ರಿ ಹನ್ನೊಂದರ ಹೊತ್ತಲ್ಲಿ ನಿದ್ದೆ ಮಗು, ಕಾಲು ನೋವಿನ ಚಿಕ್ಕಮ್ಮನ್ನ ಕೂರಿಸ್ಕೊಂಡು ಒಂದು ಗಂಟೆ ಹೋಗ್ಬೇಕು. ಏರ್‌ಪೋರ್ಟ್ ಪಕ್ಕಾನೇ ಇರ್ಲಿ ಅಂದೆ. ರಸ್ತೆಯ ರಿಸ್ಕು ಹಗಲು ಹೊತ್ತಲ್ಲಿ ಕಣ್ಣಿಗೆ ಕಾಣುತ್ತೆ, ಬೆಳಿಗ್ಗೆ ಎದ್ದು ಮ್ಯಾಪ್ ನೋಡಿದ್ರೆ ಆಕ್ಸಿಡೆಂಟ್ ಆಗಿದ್ಯಾ ಗೊತ್ತಾಗುತ್ತೆ, ಬೇಕಂದ್ರೆ ಬೇಗ ಹೊರಡಬಹುದು. ಒಂದೇ ಒಂದು ಚೆಕ್ ಮಾಡೋಕೆ ಹೇಳಿದ್ದು ರಾಕೆಟ್ಟು. ಆ ಪೋರ್ಟ್ ಪಕ್ಕದಲ್ಲೇ ಉಡಾವಣಾ ಕೇಂದ್ರ, ಲಾಂಚ್ ಇದ್ದ ದಿನ ನೋಡೋಕೆ ಬರೋ ಕಾರುಗಳಿಂದ ಅದೇ ರಸ್ತೆ ಜಾಮ್ ಆಗುತ್ತೆ. (ಉಲ್ಟಾನೂ ಆಗಿದೆ, 2022ರ ಜನವರಿ 30ಕ್ಕೆ ಒಂದು ಕ್ರೂಸ್ ಹಡಗು ನಿರ್ಬಂಧಿತ ಜಾಗಕ್ಕೆ ನುಗ್ಗಿ ಫಾಲ್ಕನ್ 9 ರಾಕೆಟ್ಟಿನ ಉಡಾವಣೆನೇ ಮಾರನೇ ದಿನಕ್ಕೆ ಹೋಯ್ತು.) ಆ ಭಾನುವಾರ ಅಂಥದ್ದೇನೂ ಇರ್ಲಿಲ್ಲ.

ಈಗ ಬಂತು ಸ್ಲಾಟು, ಅಂದ್ರೆ ಗಂಡ ಹೆಂಡ್ತಿ ಜಗಳ. ಆನ್‌ಲೈನ್ ಚೆಕ್-ಇನ್ ಓಪನ್ ಆದ ರಾತ್ರಿ ಅವನು ಎಚ್ಚರ ಇದ್ದು ಮೊದಲ ಸ್ಲಾಟು, 10:30, ಹಿಡಿದುಬಿಟ್ಟಿದ್ದ. ಬೇಗ ಹತ್ತಿದ್ರೆ ಒಂದು ದಿನ ಪೂರ್ತಿ ಸಿಕ್ಕಂಗೆ, ಊಟ ಅಲ್ಲೇ, ಪೂಲ್ ಖಾಲಿ ಇರುತ್ತೆ, ಕೊಟ್ಟ ದುಡ್ಡು ವಸೂಲಿ. ಅವಳು ಮಧ್ಯಾಹ್ನ ಎರಡು ಗಂಟೆ ಸ್ಲಾಟು ಬೇಕು ಅಂತಾಳೆ, ಕ್ಯೂ ಕರಗಿದ್ಮೇಲೆ ನೆಮ್ಮದಿಯಾಗಿ ಹೋಗೋಣ, ಅತ್ತೆ ಎಷ್ಟೊತ್ತು ಕಾಯ್ಬೇಕು ಅಂತ. ಇಬ್ರ ಮಾತಲ್ಲೂ ನ್ಯಾಯ ಇದೆ. ನಾನು ಇಬ್ರಿಗೂ ಬೇಡ ಅಂದು 1 ಗಂಟೆ ತಗೊಳ್ಳಿ ಅಂದೆ, ಯಾಕೆ ಅಂತ ಹೇಳೋಕೆ ಆ ದಿನ ಹಡಗಿನ ಒಳಗೆ ಏನಾಗುತ್ತೆ ಅಂತ ಹೇಳ್ಬೇಕು.

ಅದೇ ಹಡಗು ಅವತ್ತು ಬೆಳಗಿನ ಜಾವ ಹಿಂದಿನ ಟ್ರಿಪ್ಪಿನ ಜನಾನ ಹೊತ್ಕೊಂಡು ಬಂದಿರುತ್ತೆ. ಏಳರಿಂದ ಹತ್ತರ ತನಕ ಅವ್ರು ಇಳೀತಾರೆ. ಕೊನೇ ಪ್ರಯಾಣಿಕ ಇಳಿದು ಲೆಕ್ಕ ಸೊನ್ನೆಗೆ ಬರೋ ತನಕ ಹೊಸಬ್ರು ಒಬ್ರನ್ನೂ ಒಳಗೆ ಬಿಡಲ್ಲ. ಯಾರೋ ಒಬ್ರು ರೂಮಲ್ಲಿ ಮಲ್ಕೊಂಡಿದ್ರೆ ಹೆಸರು ಕೂಗ್ತಾ ಇರ್ತಾರೆ, ಹೊರಗಡೆ ಸಾವಿರಾರು ಜನ ಕಾಯ್ತಾ ಇರ್ತಾರೆ. ಅಂದ್ರೆ 10:30ರ ಸ್ಲಾಟ್ ಅನ್ನೋದು ಟರ್ಮಿನಲ್ ಒಳಗೆ ಹೋಗೋಕೆ, ಹಡಗು ಹತ್ತೋಕಲ್ಲ. ಇನ್ನೊಂದು, ಹತ್ತೂವರೆಗೆ ರಸ್ತೆ ಮೇಲೆ ಎರಡು ಜನಜಂಗುಳಿ ಎದುರುಬದುರು, ಇಳಿದು ಮನೆಗೆ ಹೋಗೋರ ಕಾರು ಪಾರ್ಕಿಂಗಿಂದ ಹೊರಗೆ ಬರ್ತಿರುತ್ತೆ, ಹೊಸಬ್ರ ಕಾರು ಒಳಗೆ ನುಗ್ತಿರುತ್ತೆ, ವೀಕೆಂಡಲ್ಲಿ ಆ ಪೋರ್ಟಲ್ಲಿ ಒಂದೇ ಹಡಗು ಇರೋದೂ ಇಲ್ಲ.

ಆದ್ರೆ ನನ್ನ ಲೆಕ್ಕಕ್ಕೆ ಮುಖ್ಯ ಆಗಿದ್ದು ಇದಲ್ಲ, ವೀಲ್‌ಚೇರು. ಚಿಕ್ಕಮ್ಮಂಗೆ ಸ್ವಂತ ವೀಲ್‌ಚೇರ್ ಇಲ್ಲ, ಕಂಪನಿಯವ್ರದ್ದೇ. ಅದು ಹತ್ತೋಕೆ ಇಳಿಯೋಕೆ ಮಾತ್ರ, ಹಡಗಲ್ಲಿ ಓಡಾಡೋಕೆ ಕೊಡಲ್ಲ. ಟರ್ಮಿನಲ್ ಬಾಗಿಲಲ್ಲಿ ಹೇಳಿದ್ರೆ ಒಬ್ಬ ಹುಡುಗ ಬಂದು ಕೂರಿಸ್ಕೊಂಡು ಸೆಕ್ಯೂರಿಟಿ, ಚೆಕ್-ಇನ್, ಗ್ಯಾಂಗ್‌ವೇ (ಹಡಗಿಗೆ ಹತ್ತೋ ಸೇತುವೆ) ಎಲ್ಲಾ ದಾಟಿಸಿ ಒಳಗೆ ಬಿಡ್ತಾನೆ, ಬಿಟ್ಟು ಕುರ್ಚಿ ತಗೊಂಡು ಮುಂದಿನೋರಿಗೆ ಓಡ್ತಾನೆ. ಎಲ್ಲಿ ಬಿಡ್ತಾನೆ ಅನ್ನೋದೇ ಪ್ರಶ್ನೆ. ರೂಮ್ ರೆಡಿ ಇದ್ರೆ ರೂಮ್ ಬಾಗಿಲಿಗೆ. ರೆಡಿ ಇಲ್ಲ ಅಂದ್ರೆ ಎಲ್ಲರೂ ಇರೋ ಕಡೆ, ಅಂದ್ರೆ ಬಫೆ ಹತ್ರಾನೋ ಲಾಬಿಯಲ್ಲೋ. ಇವರ ಹಡಗಲ್ಲಿ ರೂಮು ರೆಡಿ ಆಗೋದು 1:30ಕ್ಕೆ ಅಂತ ಆ್ಯಪಲ್ಲಿ ಬರೆದಿತ್ತು. ಹನ್ನೊಂದೂವರೆಗೆ ಹತ್ತಿದ್ರೆ ಎರಡು ಗಂಟೆ ಹೊತ್ತು ತಟ್ಟೆ ಹಿಡ್ಕೊಂಡು ಟೇಬಲ್ ಹುಡುಕೋ ಜನರ ಮಧ್ಯೆ ಚಿಕ್ಕಮ್ಮ ಕೂರ್ಬೇಕು, ಆಮೇಲೆ ಲಿಫ್ಟ್ ಕ್ಯೂನಲ್ಲಿ ನಿಲ್ಬೇಕು, ಹಡಗಿನ ಆ ತುದಿಯಿಂದ ಈ ತುದಿಗೆ ನಡೆದು ರೂಮಿಗೆ ಹೋಗ್ಬೇಕು. ಆ ಉದ್ದ ಕಾರಿಡಾರು ಕಂಡೋರಿಗೆ ಗೊತ್ತು, ಆರೋಗ್ಯವಾಗಿರೋರಿಗೇ ಸಾಕಪ್ಪಾ ಅನ್ಸುತ್ತೆ.

1 ಗಂಟೆಗೆ ಟರ್ಮಿನಲ್ ಬಾಗಿಲಿಗೆ ಹೋದ್ರೆ ವೀಲ್‌ಚೇರಿಗೆ ಕಾದು, ಚೆಕ್-ಇನ್ ಮುಗಿಸಿ ಒಳಗೆ ಕಾಲಿಡೋ ಹೊತ್ತಿಗೆ 1:45, ರೂಮ್ ರೆಡಿ, ಹುಡುಗ ಸೀದಾ ಬಾಗಿಲಿಗೆ ತಂದು ಬಿಡ್ತಾನೆ. 3 ಗಂಟೆಗೆ ಎರಡು ಗಂಟೆ ಮುಂಚೆ ತಲುಪಿದಂಗೂ ಆಯ್ತು. ಅವಳು ಕೇಳಿದ ಎರಡು ಗಂಟೆ ಸ್ಲಾಟಲ್ಲಿ ಈ ಸುಖ ಎಲ್ಲಾ ಇದೆ, ಆದ್ರೆ ಒರ್ಲಾಂಡೋದಿಂದ ಪೋರ್ಟಿಗೆ ಹೋಗೋ ಬೀಚ್‌ಲೈನ್ ರಸ್ತೆಯಲ್ಲಿ ಒಂದು ದೊಡ್ಡ ಆಕ್ಸಿಡೆಂಟ್ ಆದ್ರೆ ಕೈಲಿ ಹೊತ್ತೇ ಉಳಿಯಲ್ಲ. ಚಿಕ್ಕಮ್ಮ ಇಲ್ದೇ ಅವರಿಬ್ರೇ ಹೋಗೋದಾಗಿದ್ರೆ ನಾನೂ 10:30ಕ್ಕೇ ಹೋಗ್ರಪ್ಪ ಅಂತಿದ್ದೆ, ಖಾಲಿ ಪೂಲು ಅನ್ನೋದು ಸುಳ್ಳೇನಲ್ಲ. ಮೊದಲ ಸ್ಲಾಟ್ ಬಿಟ್ಟುಕೊಡೋಕೆ ಅವನಿಗೆ ಹೊಟ್ಟೆ ಉರಿದಿದ್ದು ನಿಜ, ಆದ್ರೂ ಬದಲಾಯಿಸ್ದ.

ಭಾನುವಾರ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಕಂಪನಿಯಿಂದ ಮೆಸೇಜು. ಸಮುದ್ರದ ಮೇಲೆ ಮಂಜು, ಹಡಗು ಇನ್ನೂ ಹೊರಗಡೆ ನಿಂತಿದೆ. ಹಡಗನ್ನ ಬಂದರಿನ ಒಳಗೆ ತರೋದು ಅಲ್ಲಿನ ಪೈಲಟ್ಟುಗಳು, ಅವ್ರು ಚಿಕ್ಕ ದೋಣಿಯಲ್ಲಿ ಹೋಗಿ ಹಡಗು ಹತ್ತಿ ಕಿರಿದಾದ ಚಾನೆಲಲ್ಲಿ ದಾರಿ ತೋರಿಸ್ತಾರೆ, ಕಣ್ಣು ಕಾಣದಷ್ಟು ಮಂಜು ಇದ್ರೆ ಆ ಕೆಲಸ ನಿಲ್ಲುತ್ತೆ. ಎಲ್ಲಾ ಸ್ಲಾಟೂ ಒಂದೂವರೆ ಗಂಟೆ ಮುಂದಕ್ಕೆ, ಹೊರಡೋದು 5ಕ್ಕೆ, ಚೆಕ್-ಇನ್ ಮುಚ್ಚೋದು 4ಕ್ಕೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸ್ಲಾಟು ಒಂದೂವರೆ ಗಂಟೆ ಮುಂದೆ ಹೋಯ್ತು, ಮುಚ್ಚೋ ಟೈಮು ಒಂದೇ ಗಂಟೆ. ಅಂದ್ರೆ ಕೈಲಿದ್ದ ಎರಡು ಗಂಟೆಯಲ್ಲಿ ಅರ್ಧ ಗಂಟೆ ಸದ್ದಿಲ್ದೆ ಕಳೆದುಹೋಯ್ತು. ಎರಡು ಗಂಟೆ ಸ್ಲಾಟು ತಗೊಂಡಿದ್ರೆ ಉಳೀತಿದ್ದಿದ್ದು ಅರ್ಧ ಗಂಟೆ ಅಷ್ಟೇ. ಅವನು ಫೋನ್ ಮಾಡಿ "ಹಂಗಾದ್ರೆ ಮೊದಲಿನ ಟೈಮಿಗೇ ಹೋಗಿಬಿಡೋಣ್ವಾ ಅಕ್ಕ" ಅಂದ. ಬೇಡ, ಹಡಗೇ ಬರದೆ ಇರೋವಾಗ ಟರ್ಮಿನಲ್ ಒಳಗೆ ಕೂರೋಕೆ ಜಾಗ ಇರಲ್ಲ, ಹೊರಗಡೆ ನಿಲ್ಲಿಸ್ತಾರೆ, ಚಿಕ್ಕಮ್ಮನ್ನ ನಿಲ್ಸೋ ಹಾಗಿಲ್ಲ. ಹೊಸ ಸ್ಲಾಟು 2:30, ಅದಕ್ಕೆ ಕಾಲು ಗಂಟೆ ಮುಂಚೆ ಬಾಗಿಲಲ್ಲಿ ಇರೋ ಹಾಗೆ ಹೊರಡಿ, ಉಳಿದ ಹೊತ್ತು ಹೋಟೆಲಲ್ಲೇ ಕಳೀರಿ ಅಂದೆ. ಹೋಟೆಲ್ ಚೆಕ್-ಔಟ್ 11ಕ್ಕೆ, ಕೌಂಟರಲ್ಲಿ ಕೇಳಿದ್ದಕ್ಕೆ 12ರ ತನಕ ಕೊಟ್ರು. ಆಮೇಲೆ ಒಂದು ಗಂಟೆ ಲಾಬಿಯ ಸೋಫಾ. ಚಿಕ್ಕಮ್ಮ ಅಲ್ಲೇ ಒಂದು ನಿದ್ದೆ ತೆಗೆದ್ರಂತೆ.

1:05ಕ್ಕೆ ಹೊರಟ್ರು. ದಾರಿಯಲ್ಲಿ ಏನೂ ತೊಂದ್ರೆ ಆಗ್ಲಿಲ್ಲ, ಪೋರ್ಟ್ ಹತ್ರ ಬಂದ್ಮೇಲೆ ಡ್ರೈವರಣ್ಣ ಯಾವ ಟರ್ಮಿನಲ್ ಅಂತ ಕೇಳ್ದ. ಅಲ್ಲಿ ಟರ್ಮಿನಲ್‌ಗಳು ನೀರಿನ ಈ ಕಡೆ ಕೆಲವು ಆ ಕಡೆ ಕೆಲವು, ದಕ್ಷಿಣದ್ದಕ್ಕೂ ಉತ್ತರದ್ದಕ್ಕೂ ದಾರಿ ಮುಂಚೇನೇ ಕವಲೊಡೆಯುತ್ತೆ, ಬರೀ ಪೋರ್ಟ್ ಹೆಸರು ಹಾಕಿದ್ರೆ ಮ್ಯಾಪು ಎಲ್ಲೋ ಕರ್ಕೊಂಡು ಹೋಗುತ್ತೆ. ಇವ್ರದ್ದು ಉತ್ತರದ ಕಡೆ, ಟರ್ಮಿನಲ್ ನಂಬರ್ ಬೋರ್ಡಿಂಗ್ ಪಾಸಲ್ಲೇ ಇತ್ತು. ಉತ್ತರಕ್ಕೆ ಹೋಗೋ ದಾರಿಯಲ್ಲಿ ದೋಣಿಗಳಿಗೆ ದಾರಿ ಬಿಡೋಕೆ ಮೇಲೆತ್ತೋ ಸೇತುವೆ ಇದೆ, ಸರಿಯಾಗಿ ಇವ್ರು ಬರೋ ಹೊತ್ತಿಗೆ ಅದು ಮೇಲೆ! ಒಂದು ಪುಟ್ಟ ಹಾಯಿದೋಣಿ ತನ್ನ ಪಾಡಿಗೆ ತಾನು ಹೋಗೋ ತನಕ ಕಾರುಗಳೆಲ್ಲ ಇಂಜಿನ್ ಆಫ್ ಮಾಡ್ಕೊಂಡು ನಿಂತಿದ್ವಂತೆ. ಮಗಳಿಗೆ ಮಾತ್ರ ಇಡೀ ಟ್ರಿಪ್ಪಲ್ಲಿ ಅದೇ ದೊಡ್ಡ ಖುಷಿ.

2:15ಕ್ಕೆ ಬಾಗಿಲು. ಅಲ್ಲಿ ಫುಟ್‌ಪಾತ್ ಮೇಲೆ ಬೆಳಿಗ್ಗೆಯಿಂದ ನಿಂತಿದ್ದೋರ ಕ್ಯೂ ಆಗಷ್ಟೇ ಒಳಗೆ ಹೋಗಿ ಮುಗಿಯೋ ಹಂತ. ಮೆಸೇಜ್ ನೋಡದೆ ಬಂದೋರು, ನೋಡಿದ್ರೂ ಹೋಟೆಲಿಂದ ಹೊರಬಿದ್ದು ಬೇರೆ ದಾರಿ ಇಲ್ದೆ ಬಂದೋರು. ವೀಲ್‌ಚೇರಿಗೆ 25 ನಿಮಿಷ ಕಾಯ್ಬೇಕಾಯ್ತು, ಅದು ನನ್ನ ಅಂದಾಜಿಗಿಂತ ಜಾಸ್ತಿ, ಮೂರು ಗಂಟೆ ಕೆಲಸ ಎರಡು ಗಂಟೆಯಲ್ಲಿ ತುರುಕಿದಾಗ ಹುಡುಗರೂ ಕುರ್ಚಿಗಳೂ ಸಾಲಲ್ಲ. ಆದ್ರೆ ಅಲ್ಲಿ ಬೆಂಚ್ ಇತ್ತು. ದೊಡ್ಡ ಸೂಟ್‌ಕೇಸುಗಳನ್ನ ಪೋರ್ಟರಿಗೆ ಕೊಟ್ಟಾಯ್ತು, ಔಷಧಿ, ಬರ್ತ್ ಸರ್ಟಿಫಿಕೇಟು, ಮಗಳ ಒಂದು ಜೊತೆ ಬಟ್ಟೆ ಕೈಚೀಲದಲ್ಲಿ. ಇದನ್ನ ನಾನು ಹತ್ತು ಸಲ ಹೇಳಿದ್ದೆ, ಯಾಕಂದ್ರೆ ಪಾಸ್‌ಪೋರ್ಟನ್ನೇ ಸೂಟ್‌ಕೇಸಲ್ಲಿಟ್ಟು ಪೋರ್ಟರಿಗೆ ಕೊಟ್ಟು ಕೌಂಟರಲ್ಲಿ ಬಾಯಿ ಬಾಯಿ ಬಿಡೋರನ್ನ ನಾನೇ ನೋಡಿದೀನಿ. ಇವರ ಸೂಟ್‌ಕೇಸು ರೂಮಿಗೆ ಬಂದಿದ್ದು ರಾತ್ರಿ ಏಳೂವರೆಗೆ, ಚಿಕ್ಕಮ್ಮನ ಸಕ್ಕರೆ ಕಾಯಿಲೆ ಮಾತ್ರೆ ಅದರಲ್ಲಿದ್ದಿದ್ರೆ ಕಷ್ಟ ಆಗ್ತಿತ್ತು.

3:10ಕ್ಕೆ ರೂಮ್ ಬಾಗಿಲು. ರೂಮುಗಳೂ ಅವತ್ತು ಲೇಟು, 3 ಗಂಟೆಗೆ ರೆಡಿ ಅಂತ ಅನೌನ್ಸ್ ಮಾಡಿದ್ರಂತೆ. ಹುಡುಗ ಸೀದಾ ಅಲ್ಲಿಗೇ ತಂದು ಬಿಟ್ಟ. ಅವಳು ಮಗಳನ್ನ ಕರ್ಕೊಂಡು ಮಸ್ಟರ್ ಜಾಗಕ್ಕೆ ಹೋಗಿ ಬಂದಿದ್ದೀವಿ ಅಂತ ಸ್ಕ್ಯಾನ್ ಮಾಡಿಸ್ಕೊಂಡು ಬಂದ್ಲು, ಇವನು ಚಿಕ್ಕಮ್ಮನ್ನ ಆಮೇಲೆ ನಿಧಾನಕ್ಕೆ ಕರ್ಕೊಂಡು ಹೋದ.

ಇದನ್ನೆಲ್ಲ ನೋಡಿದ್ರೆ ನನ್ನ 1 ಗಂಟೆ ಅನ್ನೋ ಉತ್ತರ ಅವತ್ತು ಕೆಲಸಕ್ಕೇ ಬರ್ಲಿಲ್ಲ, ಆ ಗಂಟೆಗೆ ಅಲ್ಲಿ ಹಡಗು ಹತ್ತೋದೇ ಇನ್ನೂ ಆಗಷ್ಟೇ ಶುರು ಆಗಿತ್ತು. ಕೆಲಸಕ್ಕೆ ಬಂದಿದ್ದು ಅದ್ರ ಹಿಂದಿನ ಎರಡು ಗೂಟ: ರೂಮ್ ರೆಡಿ ಆಗೋ ಟೈಮ್ ಈ ಕಡೆ, ಚೆಕ್-ಇನ್ ಮುಚ್ಚೋ ಟೈಮ್ ಆ ಕಡೆ. ಮಂಜು ಬಂದು ಎರಡೂ ಜರುಗಿದಾಗ ಇವರೂ ಜರುಗಿದ್ರು. ಶನಿವಾರ ಬರ್ದೇ ಇದ್ದಿದ್ರೆ ಏನಾಗ್ತಿತ್ತು ಅಂತ ಅವನು ಕುತೂಹಲಕ್ಕೆ ಆ 10:40ರ ಫ್ಲೈಟ್ ನೋಡ್ದ, ಅದು ಬರೀ ಇಪ್ಪತ್ತು ನಿಮಿಷ ಲೇಟಾಗಿ ಬಂದಿತ್ತು. ಅಂದ್ರೆ ಅದರಲ್ಲಿ ಬಂದಿದ್ರೂ ಹಡಗು ಸಿಗ್ತಿತ್ತು. "ನೋಡು, ಸುಮ್ನೆ ಹೋಟೆಲಿಗೆ ದುಡ್ಡು ಹಾಕ್ಸಿದೆ" ಅಂತ ಇವತ್ತಿಗೂ ನನ್ನ ರೇಗಿಸ್ತಾನೆ. ಫ್ಲೈಟ್ ಸರಿಯಾಗಿ ಬಂತು ಅಂದ ಮಾತ್ರಕ್ಕೆ ಆ ಲೆಕ್ಕ ಸರಿ ಇತ್ತು ಅಂತ ನಾನು ಒಪ್ಪಲ್ಲ, ಬುಕ್ ಮಾಡೋ ದಿನ ಅವನಿಗಾಗ್ಲಿ ನನಗಾಗ್ಲಿ ಅದು ಗೊತ್ತಿರ್ಲಿಲ್ಲ.

ಈಗ ಅವನ ಕಣ್ಣು ಅಲಾಸ್ಕಾ ಮೇಲೆ, ಸಿಯಾಟಲ್‌ನಿಂದ ಹೋಗಿ ಸಿಯಾಟಲ್‌ಗೇ ವಾಪಸ್. ಅಲ್ಲಿ ಬೇರೆ ಫಜೀತಿ. ಸಿಯಾಟಲಲ್ಲಿ ಹಡಗು ತಪ್ಪಿದ್ರೆ ಅಲಾಸ್ಕಾದ ಜುನೋಗೆ ವಿಮಾನದಲ್ಲಿ ಹೋಗಿ ಹತ್ತೋಣ ಅನ್ನೋಕಾಗಲ್ಲ. 1886ರಷ್ಟು ಹಳೇ ಕಾನೂನೊಂದಿದೆ, ವಿದೇಶಿ ನೋಂದಣಿಯ ಹಡಗು ಅಮೆರಿಕದ ಒಂದು ಪೋರ್ಟಲ್ಲಿ ಹತ್ತಿಸ್ಕೊಂಡು ಅಮೆರಿಕದ್ದೇ ಇನ್ನೊಂದು ಪೋರ್ಟಲ್ಲಿ ಇಳಿಸೋ ಹಾಗಿಲ್ಲ, ನಡುವೆ ದೂರದ ವಿದೇಶಿ ಪೋರ್ಟ್ ಒಂದು ಇದ್ರೆ ಮಾತ್ರ ಸರಿ, ಆ ದಾರಿಯಲ್ಲಿ ಸಿಗೋ ಕೆನಡಾದ ವಿಕ್ಟೋರಿಯಾ ಹತ್ತಿರದ್ದು ಅಂತ ಲೆಕ್ಕಕ್ಕೆ ಬರಲ್ಲ. ಜುನೋದಲ್ಲಿ ಹತ್ತಿ ಸಿಯಾಟಲಲ್ಲಿ ಇಳಿದ್ರೆ ಇದೇ ತಪ್ಪಾಗುತ್ತೆ, ಹಾಗಾಗಿ ಹತ್ತಿಸ್ಕೊಳ್ಳೋಕೇ ಕಂಪನಿ ಒಪ್ಪಲ್ಲ. ಇದನ್ನ ಹೇಳಿದ್ಮೇಲೆ ಸಿಯಾಟಲಿಗೆ ಎರಡು ದಿನ ಮುಂಚೆ ಹೋಗೋ ಟಿಕೆಟ್ ಅವನೇ ಹುಡುಕ್ತಿದ್ದಾನೆ. ಸ್ಲಾಟ್ ವಿಷಯ ಇನ್ನೂ ಎತ್ತಿಲ್ಲ, ಚಿಕ್ಕಮ್ಮ ಈ ಸಲ ಬರಲ್ಲ ಅಂದಿದಾರೆ.